ವೈಭವ್ ಸೂರ್ಯವಂಶಿಗೆ ಈಗ ಬೇಕಿರುವುದು ರಣಜಿಯ ಬಿಸಿಲು

2024ರ ನವೆಂಬರ್‌ನಲ್ಲಿ ಸೌದಿ ಅರೇಬಿಯಾದ ಜೆದ್ದಾದಲ್ಲಿ ಐಪಿಎಲ್ ಹರಾಜು ನಡೆಯಿತು. ಹೆಚ್ಚಿನವರಿಗೆ ಅದು ನೆನಪಿರುವುದು ರಿಷಭ್ ಪಂತ್ ಅವರ 27 ಕೋಟಿ ರೂಪಾಯಿಗೆ. ನನ್ನ ತಲೆಯಲ್ಲಿ ಉಳಿದಿರುವುದು ಬೇರೆ ಎರಡು ಹೆಸರು. ಒಂದು ಪೃಥ್ವಿ ಶಾ. ವಯಸ್ಸು 25, ಮೂಲಬೆಲೆ 75 ಲಕ್ಷ. ಹತ್ತು ತಂಡಗಳಲ್ಲಿ ಒಂದೂ ಬಿಡ್ ಮಾಡಲಿಲ್ಲ. ಇನ್ನೊಂದು ವೈಭವ್ ಸೂರ್ಯವಂಶಿ. ವಯಸ್ಸು 13 ವರ್ಷ 243 ದಿನ, ಮೂಲಬೆಲೆ 30 ಲಕ್ಷ. ಡೆಲ್ಲಿ ಕ್ಯಾಪಿಟಲ್ಸ್ ಜೊತೆ ಪೈಪೋಟಿಗೆ ಬಿದ್ದು ರಾಜಸ್ಥಾನ ರಾಯಲ್ಸ್ ಈ ಹುಡುಗನನ್ನು 1.10 ಕೋಟಿಗೆ ಕೊಂಡಿತು.

ಶಾ 2018ರಲ್ಲಿ ಅಂಡರ್-19 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕ. ಅದೇ ವರ್ಷ ಅಕ್ಟೋಬರ್‌ನಲ್ಲಿ ರಾಜ್‌ಕೋಟ್‌ನಲ್ಲಿ ಆಡಿದ ಮೊದಲ ಟೆಸ್ಟ್‌ನಲ್ಲೇ 134 ರನ್ ಹೊಡೆದರು. ಇವತ್ತು ಸೂರ್ಯವಂಶಿ ಬಗ್ಗೆ ಕೇಳಿಬರುವ ಹೊಗಳಿಕೆಯೆಲ್ಲ ಅವತ್ತು ಅವರ ಬಗ್ಗೆ ಕೇಳಿಬಂದಿತ್ತು. ಆ ತಂಡದ ಉಪನಾಯಕ ಶುಭಮನ್ ಗಿಲ್. ಇಬ್ಬರೂ ಹುಟ್ಟಿದ್ದು 1999ರಲ್ಲಿ. ಇಬ್ಬರಿಗೂ ಕೋಚ್ ಆಗಿದ್ದವರು ರಾಹುಲ್ ದ್ರಾವಿಡ್. ಗಿಲ್ 2025ರ ಮೇ ತಿಂಗಳಲ್ಲಿ ಟೆಸ್ಟ್ ತಂಡದ ನಾಯಕರಾದರು. ಶಾ ಜೆದ್ದಾದಲ್ಲಿ ಯಾರಿಗೂ ಬೇಡವಾದರು. 18ನೇ ವಯಸ್ಸಿನಲ್ಲಿ ಇವರಿಬ್ಬರನ್ನು ಪಕ್ಕಪಕ್ಕ ನಿಲ್ಲಿಸಿದ್ದರೆ ಹೆಚ್ಚಿನವರು ಶಾ ಕಡೆಗೇ ಕೈ ತೋರಿಸುತ್ತಿದ್ದರು, ಅಲ್ವಾ?

ಹಾಗಾಗಿ ಸೂರ್ಯವಂಶಿಗೆ ಪ್ರತಿಭೆ ಇದೆಯೋ ಇಲ್ಲವೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಇಲ್ಲ. ಅದು ಕಣ್ಣಿಗೆ ಕಾಣುತ್ತಿದೆ. ಬೌಲರ್‌ಗಳು ಇವನ ಆಟವನ್ನು ಪೂರ್ತಿ ಓದಿಕೊಂಡ ಮೇಲೆ, ಮತ್ತೆ ಕಲಿಯಲು ಇವನಿಗೆ ಸಮಯ ಎಲ್ಲಿ ಸಿಗುತ್ತದೆ? ನನ್ನನ್ನು ಕಾಡುವುದು ಇದು.

ಮೊದಲು 2025ರ ಐಪಿಎಲ್ ನೋಡೋಣ. ಏಪ್ರಿಲ್ 19ರಂದು ಜೈಪುರದಲ್ಲಿ ಲಕ್ನೋ ವಿರುದ್ಧ ಅವನ ಮೊದಲ ಪಂದ್ಯ. ಸಂಜು ಸ್ಯಾಮ್ಸನ್ ಗಾಯಗೊಂಡಿದ್ದರಿಂದ ಆರಂಭಿಕನ ಜಾಗ ಖಾಲಿಯಾಗಿತ್ತು. ಇಂಪ್ಯಾಕ್ಟ್ ಪ್ಲೇಯರ್, ಅಂದರೆ ಪಂದ್ಯದ ಮಧ್ಯೆ ಇಳಿಸುವ ಬದಲಿ ಆಟಗಾರನಾಗಿ ಬಂದ ಹುಡುಗ ಶಾರ್ದೂಲ್ ಠಾಕೂರ್ ಅವರ ಎಸೆತವನ್ನು, ತಾನು ಎದುರಿಸಿದ ಮೊದಲನೇ ಎಸೆತವನ್ನೇ, ಸಿಕ್ಸರ್‌ಗೆ ಎತ್ತಿದ. 20 ಎಸೆತಕ್ಕೆ 34 ಹೊಡೆದು ಸ್ಟಂಪ್ ಔಟ್ ಆದ. ಕಣ್ಣೊರೆಸಿಕೊಳ್ಳುತ್ತಾ ಪೆವಿಲಿಯನ್ ಕಡೆ ನಡೆದ. ಆ ದೃಶ್ಯ ನೋಡಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ವಯಸ್ಸು 14 ವರ್ಷ 23 ದಿನ ಎಂದು ಓದುವುದು ಬೇರೆ, ಆ ವಯಸ್ಸಿನ ಮುಖವನ್ನು ಹಾಗೆ ನೋಡುವುದು ಬೇರೆ.

ಒಂಬತ್ತು ದಿನಗಳ ನಂತರ ಅದೇ ಮೈದಾನದಲ್ಲಿ ಗುಜರಾತ್ ಟೈಟನ್ಸ್ ಎದುರಿಗಿತ್ತು. ಗೆಲ್ಲಲು 210 ಬೇಕಿತ್ತು. ಬೌಲಿಂಗ್ ಪಟ್ಟಿಯಲ್ಲಿ ಸಿರಾಜ್, ಇಶಾಂತ್ ಶರ್ಮಾ, ರಶೀದ್ ಖಾನ್, ವಾಷಿಂಗ್ಟನ್ ಸುಂದರ್, ನಮ್ಮ ಪ್ರಸಿದ್ಧ್ ಕೃಷ್ಣ ಇದ್ದರು. ಇಶಾಂತ್ ಮೊದಲ ಟೆಸ್ಟ್ ಆಡಿದ್ದು 2007ರಲ್ಲಿ. ಸೂರ್ಯವಂಶಿ ಹುಟ್ಟಿದ್ದು 2011ರ ಮಾರ್ಚ್ 27ಕ್ಕೆ. 17 ಎಸೆತಕ್ಕೆ ಅರ್ಧಶತಕ, 35 ಎಸೆತಕ್ಕೆ ಶತಕ. ಕರೀಂ ಜನತ್ ಅವರ ಒಂದೇ ಓವರ್‌ನಲ್ಲಿ 30 ರನ್. ಕೊನೆಗೆ 38 ಎಸೆತಕ್ಕೆ 101, ಅದರಲ್ಲಿ 7 ಬೌಂಡರಿ, 11 ಸಿಕ್ಸರ್. ಅಂದರೆ 101ರಲ್ಲಿ 94 ರನ್ ಓಡದೇ ಬಂದವು! ಐಪಿಎಲ್‌ನಲ್ಲಿ ಇದಕ್ಕಿಂತ ವೇಗದ ಶತಕ ಒಂದೇ ಇತ್ತು. 2013ರಲ್ಲಿ ಚಿನ್ನಸ್ವಾಮಿಯಲ್ಲಿ ಕ್ರಿಸ್ ಗೇಲ್ 30 ಎಸೆತಕ್ಕೆ ಹೊಡೆದದ್ದು. ಕಾಲಿಗೆ ಪೆಟ್ಟಾಗಿ ವೀಲ್‌ಚೇರ್‌ನಲ್ಲಿ ಕೂತಿದ್ದ, ಆಗ ರಾಜಸ್ಥಾನದ ಕೋಚ್ ಆಗಿದ್ದ ದ್ರಾವಿಡ್ ಎದ್ದು ನಿಂತು ಕೈ ಎತ್ತಿದ್ದನ್ನು ಎಲ್ಲರೂ ನೋಡಿದ್ದೇವೆ. ದ್ರಾವಿಡ್ ಅವರು ಅಷ್ಟು ಮೈಮರೆತಿದ್ದನ್ನು ನಾವು ಎಷ್ಟು ಸಲ ನೋಡಿದ್ದೇವೆ ಹೇಳಿ!

ಆ ರಾತ್ರಿ ಅವನ ಇನಿಂಗ್ಸ್ ಮುಗಿಸಿದ್ದು ಪ್ರಸಿದ್ಧ್ ಅವರ ಯಾರ್ಕರ್. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ. ಆದರೆ ಉಳಿದ ಒಂಬತ್ತು ತಂಡಗಳ ವಿಡಿಯೋ ವಿಶ್ಲೇಷಕರು ಅದನ್ನು ಬರೆದುಕೊಳ್ಳದೇ ಇರುತ್ತಾರೆಯೇ?

ಆ ಸೀಸನ್‌ನಲ್ಲಿ ಅವನು ಆಡಿದ್ದು ಏಳು ಇನಿಂಗ್ಸ್: 34, 16, 101, 0, 4, 40, 57. ಒಟ್ಟು 252 ರನ್, 122 ಎಸೆತ. ಸ್ಟ್ರೈಕ್ ರೇಟ್, ಅಂದರೆ ನೂರು ಎಸೆತಕ್ಕೆ ಬಂದ ರನ್, 206ಕ್ಕೂ ಮೇಲೆ. ಸುದ್ದಿಯಲ್ಲಿ ಓಡಾಡಿದ್ದು ಈ ಕೊನೆಯ ಅಂಕಿ. ನಾನು ಆ ಶತಕವನ್ನು ಪಕ್ಕಕ್ಕಿಟ್ಟು ನೋಡಿದೆ. ಉಳಿದ ಆರು ಇನಿಂಗ್ಸ್‌ಗಳಲ್ಲಿ 84 ಎಸೆತಕ್ಕೆ 151 ರನ್, ಸರಾಸರಿ 25ರ ಆಸುಪಾಸು. 14 ವರ್ಷದವನಿಗೆ ಇದು ಬೆರಗಿನ ಲೆಕ್ಕವೇ. ಆದರೆ ಇನಿಂಗ್ಸ್‌ಗಳ ಸಾಲನ್ನೂ ಗಮನಿಸಬೇಕು. ಶತಕದ ಮರುಪಂದ್ಯದಲ್ಲಿ ಮುಂಬೈನ ದೀಪಕ್ ಚಹರ್ ಎದುರು ಎರಡೇ ಎಸೆತದಲ್ಲಿ ಸೊನ್ನೆ. ಅದರ ಮುಂದಿನ ಪಂದ್ಯದಲ್ಲಿ ಕೋಲ್ಕತ್ತ ವಿರುದ್ಧವೂ ಎರಡೇ ಎಸೆತ, ನಾಲ್ಕು ರನ್. ಅದಕ್ಕೂ ಮೊದಲು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ವಿರುದ್ಧ 12 ಎಸೆತಕ್ಕೆ 16 ಹೊಡೆದು ಭುವನೇಶ್ವರ್ ಕುಮಾರ್‌ಗೆ ಬೌಲ್ಡ್ ಆಗಿದ್ದ. ಭುವನೇಶ್ವರ್, ಚಹರ್ ಇಬ್ಬರೂ ಹೊಸ ಚೆಂಡನ್ನು ಸ್ವಿಂಗ್ ಮಾಡುವವರು. ಮೊದಲ ಕೆಲವು ಎಸೆತಗಳಲ್ಲಿ ಚೆಂಡು ಒಂದಿಷ್ಟು ಅಲುಗಾಡಿದರೆ ಇವನ ದೊಡ್ಡ ಬೀಸಿಗೆ ಅಪಾಯ ಇದೆ. ಇದನ್ನು ಹುಡುಕಲು ಬೌಲರ್‌ಗಳಿಗೆ ತಿಂಗಳು ಬೇಕಾಗಲಿಲ್ಲ.

ಆ ಸಾಲಿನಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಕೊನೆಯ ಇನಿಂಗ್ಸ್. ಚೆನ್ನೈ ವಿರುದ್ಧ 33 ಎಸೆತಕ್ಕೆ 57. ಯಶಸ್ವಿ ಜೈಸ್ವಾಲ್ ಮೊದಲು ಬೀಸಲಿ ಎಂದು ಬಿಟ್ಟು, ತಾನು ಸ್ವಲ್ಪ ತಡೆದು ಆಮೇಲೆ ಹೊಡೆದ. ಒಂದು ತಿಂಗಳಲ್ಲೇ ಹುಡುಗ ಏನೋ ಕಲಿತಿದ್ದ. ಪಂದ್ಯ ಮುಗಿದ ಮೇಲೆ ಧೋನಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ರಾಜ್ಯ ತಂಡಗಳು ಕೆಂಪು ಚೆಂಡಿನಲ್ಲಿ ದಿನಗಟ್ಟಲೆ ಆಡುವ ರಣಜಿ ಟೂರ್ನಿಯನ್ನು ಧೋನಿ 1999-2000ರಲ್ಲಿ ಮೊದಲ ಬಾರಿ ಆಡಿದ್ದು ಬಿಹಾರ ತಂಡಕ್ಕೆ. ಈ ಹುಡುಗನದೂ ಅದೇ ತಂಡ.

ಆ ಬಿಹಾರದ ಕಥೆ ಸ್ವಲ್ಪ ಹೇಳಲೇಬೇಕು. 2000ದಲ್ಲಿ ರಾಜ್ಯ ಎರಡಾದ ಮೇಲೆ ಕ್ರಿಕೆಟ್ ಮಾನ್ಯತೆ ಜಾರ್ಖಂಡ್ ಕಡೆಗೆ ಹೋಯಿತು. ಮುಂದೆ ವರ್ಷಗಟ್ಟಲೆ ಬಿಹಾರಕ್ಕೆ ರಣಜಿ ತಂಡವೇ ಇರಲಿಲ್ಲ. ಮತ್ತೆ ಸೇರಿದ್ದು 2018-19ರಲ್ಲಿ. ಆ ನಡುವಿನ ಹುಡುಗರು ಏನು ಮಾಡಿದರು? ಪಟ್ನಾದ ಇಶಾನ್ ಕಿಶನ್ ಜಾರ್ಖಂಡ್‌ಗೆ ಹೋದರು. ಗೋಪಾಲ್‌ಗಂಜ್‌ನ ಮುಕೇಶ್ ಕುಮಾರ್ ಬಂಗಾಳಕ್ಕೆ ಹೋದರು. ಹೋಗಲು ಆಗದವರ ಹೆಸರು ನಮಗೆ ಗೊತ್ತೇ ಇಲ್ಲ. ಸೂರ್ಯವಂಶಿ ಸಮಸ್ತಿಪುರ ಜಿಲ್ಲೆಯ ತಾಜ್‌ಪುರದವನು. ಅವನು ಹುಟ್ಟಿದಾಗ ಅವನ ರಾಜ್ಯಕ್ಕೆ ತಂಡ ಇರಲಿಲ್ಲ. ಅವನು ಏಳು ವರ್ಷದವನಾದಾಗ ತಂಡ ಬಂತು. ಮಗನ ಕ್ರಿಕೆಟ್‌ಗಾಗಿ ಅಪ್ಪ ಜಮೀನು ಮಾರಿದರು. ತರಬೇತಿಗೆ ಸುಮಾರು ನೂರು ಕಿಲೋಮೀಟರ್ ದೂರದ ಪಟ್ನಾಕ್ಕೆ ಕರೆದುಕೊಂಡು ಹೋಗಿಬಂದರು. ಅಮ್ಮ ನಸುಕಿಗೆ ಮುಂಚೆಯೇ ಎದ್ದು ಅಡುಗೆ ಮಾಡುತ್ತಿದ್ದರು, ಅವರಿಗೆ ನಿದ್ದೆಗೆ ಸಿಗುತ್ತಿದ್ದದ್ದು ಮೂರೇ ಗಂಟೆ ಎಂದು ಅವನೇ ಹೇಳಿದ್ದಾನೆ.

2024ರ ಜನವರಿ 5ರಂದು ಪಟ್ನಾದ ಮೊಯಿನ್-ಉಲ್-ಹಕ್ ಕ್ರೀಡಾಂಗಣದಲ್ಲಿ ಮುಂಬೈ ವಿರುದ್ಧ ಅವನ ರಣಜಿ ಪಾದಾರ್ಪಣೆ. ವಯಸ್ಸು 12 ವರ್ಷ 284 ದಿನ. ಅವತ್ತು ಬೆಳಿಗ್ಗೆ ಮೈದಾನಕ್ಕೆ ಬಿಹಾರದ ಹೆಸರಿನಲ್ಲಿ ಎರಡು ತಂಡಗಳು ಬಂದಿದ್ದವು! ಸಂಸ್ಥೆಯ ಒಳಜಗಳದಲ್ಲಿ ಒಂದೊಂದು ಬಣ ಒಂದೊಂದು ತಂಡ ಕಳಿಸಿತ್ತು. ಅಂಥ ಗದ್ದಲದ ಮಧ್ಯೆ ಒಂದು ಮಗು ಮುಂಬೈ ಬೌಲರ್‌ಗಳ ಎದುರು ನಿಂತು 19 ಮತ್ತು 12 ಹೊಡೆಯಿತು.

12 ವರ್ಷದವನು ಇಂಥ ವೇಗಕ್ಕೆ ಬ್ಯಾಟ್ ಬೀಸುವುದು ಹೇಗೆ ಸಾಧ್ಯವಾಯಿತು? ಹಿಂದೆ ಸಣ್ಣ ಊರಿನ ಹುಡುಗನಿಗೆ 140 ಕಿಲೋಮೀಟರ್ ವೇಗದ ಚೆಂಡು ಕಾಣಲು ಸಿಗುತ್ತಲೇ ಇರಲಿಲ್ಲ. ಅಷ್ಟು ವೇಗವಾಗಿ ಹಾಕುವವರು ಅಲ್ಲಿ ಇರಲಿಲ್ಲ. ಈಗ ಸೈಡ್‌ಆರ್ಮ್ ಎಂಬ ಉದ್ದ ಕೈಯ ಎಸೆಯುವ ಸಾಧನ ಬಂದಿದೆ. ಅಭ್ಯಾಸ ಇರುವ ಕೋಚ್ ಒಬ್ಬರು ಅದರಿಂದ ಗಂಟೆಗಟ್ಟಲೆ ವೇಗದ ಚೆಂಡು ಎಸೆಯಬಹುದು. ಇದನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದವರು ನಮ್ಮ ಕುಮಟಾದ ರಾಘವೇಂದ್ರ, ಭಾರತ ತಂಡದ ಪ್ರೀತಿಯ ರಘು. ವೇಗದ ಬೌಲಿಂಗ್ ಎದುರು ಭಾರತೀಯರು ಸುಧಾರಿಸಿದ್ದಕ್ಕೆ ವಿರಾಟ್ ಕೊಹ್ಲಿಯವರೇ ಅವರಿಗೆ ಮನ್ನಣೆ ಕೊಟ್ಟಿದ್ದಾರೆ. ವೇಗಕ್ಕೆ ಕಣ್ಣು ಒಗ್ಗುವ ವಯಸ್ಸು ಹೀಗೆ ಕೆಳಗೆ ಬಂತು. ಅದರ ಮೇಲೆ ಇವನ ಸ್ವಂತ ವರ ಇದೆ. ಎಡಗೈ ಬ್ಯಾಟರ್. ಬ್ಯಾಟನ್ನು ಎತ್ತರಕ್ಕೆ ಎತ್ತಿ ಹಿಡಿಯುತ್ತಾನೆ, ಅವನು ಮೆಚ್ಚುವ ಬ್ರಯಾನ್ ಲಾರಾ ಎತ್ತುತ್ತಿದ್ದ ಹಾಗೆ. ಅಲ್ಲಿಂದ ಕೆಳಗೆ ಬರುವ ಬೀಸು ಉದ್ದ, ಮಣಿಕಟ್ಟು ಕೊನೆಯ ಕ್ಷಣದಲ್ಲಿ ಚಾಟಿಯಂತೆ ತಿರುಗುತ್ತದೆ. ತೋಳಿನ ದಪ್ಪಕ್ಕಿಂತ ಇಲ್ಲಿ ಕೆಲಸ ಮಾಡುವುದು ಆ ವೇಗ. ಚೆಂಡಿನ ಲೆಂತ್, ಅಂದರೆ ಅದು ನೆಲಕ್ಕೆ ಬೀಳುವ ಜಾಗ, ಅವನಿಗೆ ಬೇಗ ಕಾಣುತ್ತದೆ. ಉಳಿದವರು ಇನ್ನೂ ಯೋಚಿಸುತ್ತಿರುವಾಗ ಇವನ ಮುಂಗಾಲು ಪಕ್ಕಕ್ಕೆ ಸರಿದು ದಾರಿ ಮಾಡಿಕೊಟ್ಟಿರುತ್ತದೆ.

ಇನ್ನೊಂದು ಕಾರಣ ಆಟದ ಲೆಕ್ಕದಲ್ಲೇ ಇದೆ. ಟಿ20ಯಲ್ಲಿ 120 ಎಸೆತಕ್ಕೆ 10 ವಿಕೆಟ್. ಒಂದು ವಿಕೆಟ್ ಪಾಲಿಗೆ 12 ಎಸೆತ. 2023ರಿಂದ ಐಪಿಎಲ್‌ನಲ್ಲಿ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಬಂದ ಮೇಲೆ ಒಬ್ಬ ಬ್ಯಾಟರ್ ಜಾಸ್ತಿ ಸಿಗುತ್ತಾನೆ, ವಿಕೆಟ್ ಇನ್ನೂ ಅಗ್ಗವಾಯಿತು. ಅಂಥ ಲೆಕ್ಕದಲ್ಲಿ ಹುಡುಗನೊಬ್ಬನಿಗೆ "ಹೋಗು, ನಿನ್ನ ಆಟ ಆಡು" ಎಂದು ಕಳಿಸುವುದು ತಂಡಕ್ಕೆ ದೊಡ್ಡ ಜೂಜಲ್ಲ. ಬೇಗ ಔಟಾದರೆ ನಷ್ಟ ಕಡಿಮೆ, ನಿಂತರೆ ಪಂದ್ಯವೇ ಕೈಗೆ. 20 ವರ್ಷದ ಹಿಂದೆ ಇಂಥ ಬಾಗಿಲು ಯಾವ ಹುಡುಗನಿಗೂ ಇರಲಿಲ್ಲ. ದ್ರಾವಿಡ್ 1991ರಲ್ಲಿ ರಣಜಿಗೆ ಬಂದವರು, ಲಾರ್ಡ್ಸ್‌ನಲ್ಲಿ ತಮ್ಮ ಮೊದಲ ಟೆಸ್ಟ್‌ನ ಆ 95 ಹೊಡೆದದ್ದು 1996ರಲ್ಲಿ. ನಡುವೆ ಐದು ವರ್ಷ.

ಆ ಐದು ವರ್ಷಗಳಲ್ಲಿ ಆಗುವ ಕೆಲಸ ಟಿ20ಯಲ್ಲಿ ಆಗುವುದಿಲ್ಲ. ನಾನು ಹೇಳಬೇಕೆಂದಿರುವುದು ಇದೇ. ಟಿ20ಯಲ್ಲಿ ಎರಡು ಎಸೆತಕ್ಕೆ ಔಟಾದರೆ ಮುಂದಿನ ಅವಕಾಶಕ್ಕೆ ಮೂರ್ನಾಲ್ಕು ದಿನ ಕಾಯಬೇಕು. ಆಗಲೂ ನೋಡುವವರು ಕೋಟಿ ಜನ. ಅಲ್ಲಿ ಹೊಸ ಕಾಲ್ಚಲನೆಯನ್ನು ಪ್ರಯೋಗ ಮಾಡಲು ಯಾರಿಗೂ ಧೈರ್ಯ ಬರುವುದಿಲ್ಲ. ರಣಜಿಯಲ್ಲಿ ಬೆಳಗಿನ ತೇವದಲ್ಲಿ ಚೆಂಡು ಅಲುಗಾಡುತ್ತದೆ, ಬಿಡುವುದನ್ನು ಕಲಿಯಬೇಕು. ಮಧ್ಯಾಹ್ನ ಪಿಚ್ ಸತ್ತಿರುತ್ತದೆ, ಸುಮ್ನೆ ನಿಂತು ಸಿಂಗಲ್ ತೆಗೆಯುವುದನ್ನು ಕಲಿಯಬೇಕು. ಮಾರನೇ ದಿನ ಮತ್ತೆ ಫೀಲ್ಡಿಂಗ್. ತಪ್ಪು ಮಾಡಿದರೆ ನೋಡುವವರು ನೂರಿನ್ನೂರು ಜನ.

ಇದು ಇವನ ಅಂಕಿಗಳಲ್ಲೇ ಕಾಣುತ್ತದೆ. ಐಪಿಎಲ್‌ಗೆ ಬರುವ ಮೊದಲು ಅವನು ಆಡಿದ್ದ ಐದು ಪ್ರಥಮ ದರ್ಜೆ ಪಂದ್ಯಗಳಲ್ಲಿ ಒಟ್ಟು ರನ್ ಬರೀ 100, ಗರಿಷ್ಠ 41. ಇದನ್ನು ದೋಷ ಎನ್ನುವುದು ಅನ್ಯಾಯ, ಆಗ ಅವನು 12-13 ವರ್ಷದ ಮಗು. ಕೆಂಪು ಚೆಂಡು ಅವನಿಗೆ ಒಗ್ಗುವುದೇ ಇಲ್ಲ ಎಂದೂ ಅಲ್ಲ. 2024ರಲ್ಲಿ ಚೆನ್ನೈನಲ್ಲಿ ಆಸ್ಟ್ರೇಲಿಯಾದ ಅಂಡರ್-19 ತಂಡದ ವಿರುದ್ಧ ಯೂತ್ ಟೆಸ್ಟ್‌ನಲ್ಲಿ 58 ಎಸೆತಕ್ಕೆ ಶತಕ ಹೊಡೆದಿದ್ದ. ಆದರೆ ಅದೂ ಟಿ20 ವೇಗದ ಆಟವೇ.

ಬಿಳಿ ಚೆಂಡಿನಲ್ಲಿ, ಅಂದರೆ ಏಕದಿನ ಮತ್ತು ಟಿ20ಯಲ್ಲಿ, ನಂತರ ಬಂದದ್ದು ಪ್ರವಾಹ. 2025ರಲ್ಲಿ ವೂಸ್ಟರ್‌ನಲ್ಲಿ ಇಂಗ್ಲೆಂಡ್ ಅಂಡರ್-19 ವಿರುದ್ಧ 78 ಎಸೆತಕ್ಕೆ 143. ನವೆಂಬರ್‌ನಲ್ಲಿ ದೋಹಾದಲ್ಲಿ ಯುಎಇ ವಿರುದ್ಧ 42 ಎಸೆತಕ್ಕೆ 144. ಡಿಸೆಂಬರ್ 24ರಂದು ರಾಜ್ಯ ತಂಡಗಳ ಏಕದಿನ ಟೂರ್ನಿ ವಿಜಯ್ ಹಜಾರೆಯಲ್ಲಿ ಅರುಣಾಚಲ ಪ್ರದೇಶ ವಿರುದ್ಧ 84 ಎಸೆತಕ್ಕೆ 190, ಅವತ್ತು ಬಿಹಾರ 574 ರನ್ ಪೇರಿಸಿತು. 2026ರ ಫೆಬ್ರವರಿಯಲ್ಲಿ ಹರಾರೆಯ ಅಂಡರ್-19 ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 80 ಎಸೆತಕ್ಕೆ 175, ಕಪ್ ಭಾರತದ್ದಾಯಿತು. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅರುಣಾಚಲ, ಯುಎಇ ಬೌಲಿಂಗ್ ಬೇರೆ ಮಟ್ಟ. ಇಂಗ್ಲೆಂಡ್ ಹುಡುಗರ ಎದುರಿನ ಎರಡು ಇನಿಂಗ್ಸ್, ಅದರಲ್ಲೂ ಫೈನಲ್‌ನದ್ದು, ನನ್ನ ಕಣ್ಣಿಗೆ ತುಂಬಾ ಮೇಲೆ ನಿಲ್ಲುತ್ತದೆ. ಒಬ್ಬ ಆಟಗಾರ ಒಂದೇ ಅಂಡರ್-19 ವಿಶ್ವಕಪ್ ಆಡಬೇಕು ಎಂಬ ನಿಯಮವನ್ನು ಬಿಸಿಸಿಐ 2016ರಲ್ಲಿ ತಂದಿತ್ತು. ಆ ಲೆಕ್ಕದಲ್ಲಿ 14ಕ್ಕೇ ಇವನ ಆ ಅಧ್ಯಾಯ ಮುಗಿಯಿತು. ಅಂತರರಾಷ್ಟ್ರೀಯ ಪಂದ್ಯಕ್ಕೆ ಐಸಿಸಿ ಇಟ್ಟಿರುವ ಕನಿಷ್ಠ ವಯಸ್ಸು 15. 2026ರ ಮಾರ್ಚ್ 27ಕ್ಕೆ ಆ ಗೇಟೂ ತೆರೆದಿದೆ. ಇನ್ನು ಅವನನ್ನು ನಿಧಾನ ಮಾಡಿಸುವ ನಿಯಮ ಯಾವುದೂ ಉಳಿದಿಲ್ಲ. ದೊಡ್ಡವರ ವಿವೇಕ ಮಾತ್ರ ಉಳಿದಿದೆ.

ಕರ್ನಾಟಕದವರಾದ ನಮಗೆ ಈ ದಾರಿ ಹೊಸದಲ್ಲ. ಸೂರ್ಯವಂಶಿ ಮುರಿದ 'ಐಪಿಎಲ್‌ನ ಅತಿ ಕಿರಿಯ ಶತಕವೀರ' ದಾಖಲೆ ಯಾರದಿತ್ತು ಗೊತ್ತಾ? ಮನೀಶ್ ಪಾಂಡೆ ಅವರದು. 2009ರಲ್ಲಿ ಸೆಂಚೂರಿಯನ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ವಿರುದ್ಧ ಆರ್‌ಸಿಬಿ ಪರ 114 ಹೊಡೆದು ಔಟಾಗದೆ ಉಳಿದಾಗ ಅವರಿಗೆ 19 ವರ್ಷ 253 ದಿನ. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಅವರೇ. ನಂತರ 2014ರ ಫೈನಲ್‌ನಲ್ಲಿ ಕೋಲ್ಕತ್ತಕ್ಕೆ 94, 2016ರಲ್ಲಿ ಸಿಡ್ನಿಯಲ್ಲಿ ಏಕದಿನ ಶತಕ. ಒಳ್ಳೆಯ, ಉದ್ದನೆಯ ವೃತ್ತಿಜೀವನ. ಆದರೂ ಟೆಸ್ಟ್ ಕ್ಯಾಪ್ ಅವರಿಗೆ ಸಿಗಲಿಲ್ಲ. ಆ ಸೆಂಚೂರಿಯನ್ ಇನಿಂಗ್ಸ್ ಜೀವನಪೂರ್ತಿ ಅವರ ಹೆಗಲ ಮೇಲೆ ಕೂತಿತ್ತು ಎಂದು ನನಗೆ ಯಾವಾಗಲೂ ಅನ್ನಿಸಿದೆ. ಪ್ರತಿ ಅರ್ಧಶತಕವನ್ನೂ ನಾವು ಆ 114ರ ಪಕ್ಕ ಇಟ್ಟು ಅಳೆದೆವು.

ದೇವದತ್ತ ಪಡಿಕ್ಕಲ್ ಅವರ ಕಥೆಯಲ್ಲಿ ಇನ್ನೊಂದು ತಿರುವಿದೆ. 2020ರ ಮೊದಲ ಐಪಿಎಲ್ ಸೀಸನ್‌ನಲ್ಲೇ 473 ರನ್, ಮರುವರ್ಷ ವಾಂಖೆಡೆಯಲ್ಲಿ ಶತಕ. ಆಮೇಲೆ ಬೌಲರ್‌ಗಳು ಅವರನ್ನು ಓದಿಕೊಂಡರು. ತಂಡ ಬದಲಾಯಿತು, ಕ್ರಮಾಂಕ ಬದಲಾಯಿತು, ರನ್ ಬತ್ತಿತು. ಅವರು ವಾಪಸ್ ಹೋಗಿದ್ದು ಎಲ್ಲಿಗೆ? ರಣಜಿಗೆ. 2024ರ ಜನವರಿಯಲ್ಲಿ ಹುಬ್ಬಳ್ಳಿಯಲ್ಲಿ ಪಂಜಾಬ್ ವಿರುದ್ಧ 193. ಎರಡು ತಿಂಗಳಲ್ಲಿ ಧರ್ಮಶಾಲಾದಲ್ಲಿ ಟೆಸ್ಟ್ ಪಾದಾರ್ಪಣೆ, 65 ರನ್. ಆ ಹುಬ್ಬಳ್ಳಿಯ ಇನಿಂಗ್ಸ್ ಇಲ್ಲದಿದ್ದರೆ ಧರ್ಮಶಾಲಾ ಇರುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಪಡಿಕ್ಕಲ್‌ಗೆ ವಾಪಸ್ ಹೋಗಲು ಗಟ್ಟಿ ತಂಡ, ಒಳ್ಳೆಯ ಮೈದಾನಗಳು, ಸ್ಪರ್ಧೆ ಕಟ್ಟುನಿಟ್ಟಾಗಿರುವ ಕ್ಲಬ್ ಲೀಗ್ ಇದ್ದವು. ಬಿಹಾರದ ಹುಡುಗನಿಗೆ ಅಂಥ ಮನೆ ಇನ್ನೂ ಕಟ್ಟಿ ಮುಗಿದಿಲ್ಲ. ಈ ವ್ಯತ್ಯಾಸ ಮುಖ್ಯ. ಯಾಕೆಂದರೆ ಎಡವಿದ ದಿನ ಅವನು ಮರಳುವುದು ಅಲ್ಲಿಗೇ.

ಹಣದ ವಿಷಯವನ್ನೂ ಹೇಳಬೇಕು. 2016ರ ತಿದ್ದುಪಡಿಯ ನಂತರ ನಮ್ಮ ಬಾಲಕಾರ್ಮಿಕ ಕಾನೂನು 14 ವರ್ಷದೊಳಗಿನವರು ಕೆಲಸ ಮಾಡುವುದನ್ನು ನಿಷೇಧಿಸುತ್ತದೆ. ಬಾಲ ಕಲಾವಿದರಿಗೆ ವಿನಾಯಿತಿ ಇದೆ. ಆ ವಿನಾಯಿತಿಯ ಸಾಲಿನಲ್ಲೇ ಕ್ರೀಡೆಯ ಹೆಸರೂ ಇದೆ. ಶಾಲೆ ತಪ್ಪಬಾರದು, ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ಗಳಿಕೆಯ ಕನಿಷ್ಠ ಶೇಕಡ 20ರಷ್ಟನ್ನು ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು ಎಂದು ನಿಯಮಗಳು ಹೇಳುತ್ತವೆ. ಸೂರ್ಯವಂಶಿ ಐಪಿಎಲ್ ಆಡಿದ್ದು 14 ತುಂಬಿ ಮೂರು ವಾರ ಕಳೆದ ಮೇಲೆ. ಹಾಗಾಗಿ ಮಕ್ಕಳಿಗೆಂದು ಮಾಡಿದ ಈ ರಕ್ಷಣೆ ಅವನಿಗೆ ಸಿಗುವುದಿಲ್ಲ. ಆದರೆ 14 ವರ್ಷ 23 ದಿನಕ್ಕೆ ಬಾಲ್ಯ ಮುಗಿಯಿತೇ? 18 ತುಂಬುವವರೆಗೆ ಆಟಗಾರರ ಹಣ, ಓದು, ಜಾಹೀರಾತು, ಪಂದ್ಯಗಳ ಸಂಖ್ಯೆ ಈ ನಾಲ್ಕಕ್ಕೂ ಬಿಸಿಸಿಐ ಸ್ಪಷ್ಟ ಮಿತಿ ಹಾಕಬೇಕು ಎಂದು ನಾನು ನಂಬುತ್ತೇನೆ. ಇವನೊಬ್ಬನಿಗಾಗಿ ಅಲ್ಲ. ಇವನನ್ನು ನೋಡಿ ದೇಶದ ಎಷ್ಟೋ ಅಪ್ಪಂದಿರು ಈಗ ಜಮೀನಿನ ಬೆಲೆ ವಿಚಾರಿಸುತ್ತಿರಬಹುದು.

ಸೂರ್ಯವಂಶಿಗಿಂತ ಮೊದಲು ಐಪಿಎಲ್‌ನ ಅತಿ ಕಿರಿಯ ಆಟಗಾರ ಯಾರಾಗಿದ್ದರು ಎಂದು ಕೇಳಿದರೆ ಎಷ್ಟು ಜನ ಹೇಳುತ್ತಾರೆ? ಪ್ರಯಾಸ್ ರೇ ಬರ್ಮನ್. ಲೆಗ್ ಸ್ಪಿನ್ನರ್. 2019ರಲ್ಲಿ ಆರ್‌ಸಿಬಿ ಅವರನ್ನು ಹೈದರಾಬಾದ್‌ನಲ್ಲಿ ಕಣಕ್ಕಿಳಿಸಿದಾಗ ವಯಸ್ಸು 16 ವರ್ಷ 157 ದಿನ. ನಾಲ್ಕು ಓವರ್‌ಗೆ 56 ರನ್ ಹೋಯಿತು. ಅದು ಅವರ ಮೊದಲ ಐಪಿಎಲ್ ಪಂದ್ಯ. ಎರಡನೆಯದು ಬರಲೇ ಇಲ್ಲ. ಆ ಹುಡುಗನನ್ನು ನೆನೆದಾಗೆಲ್ಲ ನನಗೆ ಬೇಸರವಾಗುತ್ತದೆ.

2025-26ರ ರಣಜಿ ಆರಂಭದಲ್ಲಿ ಬಿಹಾರ ಸೂರ್ಯವಂಶಿಯನ್ನು ಉಪನಾಯಕನನ್ನಾಗಿ ಮಾಡಿತು. ಮೇಘಾಲಯ ವಿರುದ್ಧ ಅವನು 67 ಎಸೆತಕ್ಕೆ 93 ಹೊಡೆದ. ಮೊದಲ ಐದು ಪಂದ್ಯ ಸೇರಿ ಬಂದಿದ್ದಷ್ಟು ರನ್, ಹೆಚ್ಚೂಕಡಿಮೆ ಒಂದೇ ಇನಿಂಗ್ಸ್‌ನಲ್ಲಿ. ಶತಕಕ್ಕೆ ಏಳು ಕಡಿಮೆ ಬಿತ್ತು, ದೇಶದಲ್ಲಿ ಹೆಚ್ಚು ಸದ್ದಾಗಲಿಲ್ಲ. ನಾನು ಮಾತ್ರ ಆ ಸ್ಕೋರ್‌ಕಾರ್ಡನ್ನು ಎರಡೆರಡು ಸಲ ನೋಡಿದೆ. ಮುಂದಿನ ರಣಜಿಯಲ್ಲಿ ಅವನು ಎಷ್ಟು ಪಂದ್ಯ ಆಡುತ್ತಾನೆ, ಹೊಸ ಚೆಂಡಿನ ಮೊದಲ ಹತ್ತು ಓವರ್‌ಗಳಲ್ಲಿ ಎಷ್ಟು ಎಸೆತ ಬಿಡುತ್ತಾನೆ, ಊಟದ ವಿರಾಮ ದಾಟಿ ಎಷ್ಟು ಸಲ ಮತ್ತೆ ಕ್ರೀಸ್‌ಗೆ ಬರುತ್ತಾನೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು ಎಂದುಕೊಂಡಿದ್ದೇನೆ.